ಪರಾಗವಿಲ್ಲದ ಹೂವು, ಮಕ್ಕಳಿಲ್ಲದ ಮನೆ



ಬಿತ್ತಿ ಎಂಟು ಹತ್ತು ದಿನವಾದರೂ ಪೈರು ಮೇಲೇಳದಿದ್ದರೆ ಜಾಣ ರೈತನು ಭೂಮಿಯನ್ನು ಬಯ್ಯುತ್ತ ಕೂಡುವುದಿಲ್ಲ. ಉಳಿದ ಚೀಲದಿಂದ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುತ್ತಾನೆ. ಕಾಳು ಸರಿಯಿದ್ದರೆ ಹದ ನೋಡುತ್ತಾನೆ, ಆಳ ನೋಡುತ್ತಾನೆ, ಇರುವೆ ಗೆದ್ದಲು ನೋಡುತ್ತಾನೆ. ಹೀಗೆ ಕಾರಣವನ್ನು ಹುಡುಕಿ ಮುಂದಿನ ಕೆಲಸಕ್ಕೆ ಕೈ ಹಾಕುತ್ತಾನೆ.

ಅದೇ ರೈತನ ಮನೆಯಲ್ಲಿ ಮದುವೆಯಾಗಿ ಮೂರು ವರ್ಷವಾದರೂ ತೊಟ್ಟಿಲು ಕಟ್ಟದಿದ್ದರೆ ಆಗುವುದೇನು? ನೆರೆಹೊರೆಯವರು ಸೊಸೆಯನ್ನೇ ನೋಡುತ್ತಾರೆ. ಆಕೆಗೆ ಹರಕೆ, ಆಕೆಗೆ ಉಪವಾಸ, ಆಕೆಗೆ ಔಷಧಿ. ಸೀಮಂತಕ್ಕೆ ಆಕೆಯನ್ನು ಕರೆಯುವುದಿಲ್ಲ. ಕಡೆಗೆ ಗಂಡನಿಗೆ ಇನ್ನೊಂದು ಮದುವೆಯ ಮಾತು ಬರುತ್ತದೆ. ಗಂಡನನ್ನು ಒಂದು ದಿನವಾದರೂ ಪರೀಕ್ಷೆಗೆ ಕಳಿಸಿದರೇ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಹೊಲದಲ್ಲಿ ನೂರು ಕಾಳು ಎಣಿಸುವವರು ಮನೆಯಲ್ಲಿ ಒಂದನ್ನೂ ಎಣಿಸುವುದಿಲ್ಲ.

ಈ ಪಾಠದಲ್ಲಿ ಗಂಡಿನಲ್ಲಿ ಬರುವ ಬಂಜೆತನದ ಒಂದು ಕಾರಣವನ್ನು ತಿಳಿದುಕೊಳ್ಳೋಣ. ಇದು ನಮಗೆ ಹೊಸದಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಕಡೆಯ ಹೊಲಗಳಲ್ಲಿ ಮಿಶ್ರತಳಿಯ ಸೂರ್ಯಕಾಂತಿ, ಜೋಳ ಬೆಳೆದವರೆಲ್ಲರೂ ಅದರ ಫಲವನ್ನು ಕಣಕ್ಕೆ ತಂದಿದ್ದಾರೆ. ಆದ್ದರಿಂದ ಮೊದಲು ಹೊಲ, ಆಮೇಲೆ ಮನೆ.

ಜೀವಕೋಶದೊಳಗಿನ ಒಲೆ

ಗಿಡವಾಗಲಿ, ದನವಾಗಲಿ, ಮನುಷ್ಯನಾಗಲಿ, ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದಾಗಿದೆ. ಒಂದೊಂದು ಜೀವಕೋಶವೂ ಒಂದು ಮನೆಯಿದ್ದಂತೆ. ಮನೆಯ ನಡುವೆ ದಸ್ತಾವೇಜಿನ ಪೆಟ್ಟಿಗೆಯಂತೆ ಕೋಶಕೇಂದ್ರವಿದೆ. ತಂದೆ ತಾಯಿಗಳಿಬ್ಬರಿಂದಲೂ ಬಂದ ವಂಶಗುಣಗಳು ಅದರಲ್ಲಿವೆ. ಅದರ ಸುತ್ತ ಅನೇಕ ಸಣ್ಣ ಸಣ್ಣ ಒಲೆಗಳಿವೆ. ಇವಕ್ಕೆ ಮೈಟೋಕಾಂಡ್ರಿಯ ಎಂದು ಹೆಸರು. ನಾವು ಉಂಡ ಅನ್ನವನ್ನೂ ಉಸಿರಾಡಿದ ಗಾಳಿಯನ್ನೂ ಕೂಡಿಸಿ ಶಕ್ತಿಯನ್ನು ಒದಗಿಸುವುದು ಇವುಗಳ ಕೆಲಸ.

ಈ ಒಲೆಗಳ ವಿಶೇಷ ಎರಡು. ಮೊದಲನೆಯದು, ಇವುಗಳೊಳಗೆ ಪೆಟ್ಟಿಗೆಯ ದಸ್ತಾವೇಜಿಗೆ ಸೇರದ ಸ್ವಂತದ ಒಂದು ಸಣ್ಣ ಚೀಟಿ ಇದೆ. ಮನುಷ್ಯನಲ್ಲಿ ಅದು 16,569 ಅಕ್ಷರಗಳ ಚೀಟಿ. ಅದರಲ್ಲಿ 37 ವಂಶಗುಣಗಳಿವೆ. ಎರಡನೆಯದು, ಈ ಚೀಟಿ ಮಗುವಿಗೆ ತಾಯಿಯಿಂದ ಮಾತ್ರ ಬರುತ್ತದೆ. ತಾಯಿಯ ಅಂಡದಲ್ಲಿ ಒಲೆಗಳು ಲಕ್ಷದ ಲೆಕ್ಕದಲ್ಲಿರುತ್ತವೆ. ತಂದೆಯ ವೀರ್ಯಾಣುವಿನಲ್ಲಿ ಕೆಲವು ಹತ್ತುಗಳು ಮಾತ್ರ. ಅವೂ ಅಂಡದೊಳಗೆ ಹೋದ ಮೇಲೆ ನಾಶವಾಗುತ್ತವೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವ ಮಾತು ಈ ಒಲೆಗಳ ಮಟ್ಟಿಗೆ ಅಕ್ಷರಶಃ ಸತ್ಯ. ಮಗನಿಗೂ ತಾಯಿಯ ಒಲೆಯೇ ಬರುತ್ತದೆ, ಆದರೆ ಅವನು ಅದನ್ನು ತನ್ನ ಮಕ್ಕಳಿಗೆ ಕೊಡಲಾರನು.

ನಮ್ಮಲ್ಲಿ ಬೀಜ ಗಂಡಿನದು, ಹೊಲ ಹೆಣ್ಣಿನದು ಎನ್ನುವ ಹಳೆಯ ಮಾತೊಂದಿದೆ. ಇದು ಬೇಸಾಯಗಾರನು ಒಪ್ಪತಕ್ಕ ಮಾತಲ್ಲ. ಗಂಡಿನದು ಪರಾಗ, ಹೆಣ್ಣಿನದು ಅಂಡ. ಇವೆರಡೂ ಕೂಡಿದ ಮೇಲೆಯೇ ಬೀಜ. ಪೆಟ್ಟಿಗೆಯ ದಸ್ತಾವೇಜು ಇಬ್ಬರದೂ ಅರ್ಧರ್ಧ. ಒಲೆ ಪೂರ್ತಿಯಾಗಿ ತಾಯಿಯದು.

ಹೊಲದಲ್ಲಿ ಗಂಡುಬಂಜೆತನ

ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದರೆ ಮೊದಲ ಪೀಳಿಗೆ ಹುಲುಸಾಗಿ ಬರುತ್ತದೆ. ಇದನ್ನು ಸಂಕರಶಕ್ತಿ ಎನ್ನುತ್ತಾರೆ. ಆದರೆ ಕೂಡಿಸುವುದು ಸುಲಭವಲ್ಲ. ಹತ್ತಿಯಲ್ಲಿ ಹೂವು ದೊಡ್ಡದು. ಕೈಯಿಂದ ಗಂಡು ಭಾಗವನ್ನು ಕಿತ್ತು, ಮರುದಿನ ಬೇರೆ ತಳಿಯ ಪರಾಗವನ್ನು ಸವರಬಹುದು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿಯವರಂಥ ಕೃಷಿ ವಿಜ್ಞಾನಿಗಳ ಕಾಲದಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯ ಬೀಜ ಹೀಗೆಯೇ ಹೆಣ್ಣುಮಕ್ಕಳ ಬೆರಳುಗಳಿಂದ ತಯಾರಾಯಿತು. ಆದರೆ ಜೋಳದ ತೆನೆಯಲ್ಲಿ, ಬತ್ತದ ಗೊನೆಯಲ್ಲಿ, ಸೂರ್ಯಕಾಂತಿಯ ತಟ್ಟೆಯಲ್ಲಿ ನೂರಾರು ಸಾವಿರಾರು ಸಣ್ಣ ಹೂಗಳಿವೆ. ಒಂದೊಂದರ ಗಂಡು ಭಾಗವನ್ನು ಕೀಳುವುದು ಯಾರಿಂದ ಸಾಧ್ಯ?

ಇಲ್ಲಿ ಪ್ರಕೃತಿಯ ಒಂದು ದೋಷವೇ ಉಪಕಾರಕ್ಕೆ ಬಂತು. ಕೆಲವು ಗಿಡಗಳ ಒಲೆಯ ಚೀಟಿಯಲ್ಲಿ ಅಕ್ಷರಗಳು ಅದಲುಬದಲಾಗಿ ಒಂದು ತಪ್ಪು ವಂಶಗುಣ ಹುಟ್ಟಿರುತ್ತದೆ. ಗಿಡ ಆರೋಗ್ಯವಾಗಿ ಬೆಳೆಯುತ್ತದೆ, ಹೂ ಬಿಡುತ್ತದೆ, ಹೆಣ್ಣು ಭಾಗವೂ ಸರಿಯಾಗಿರುತ್ತದೆ. ಆದರೆ ಪರಾಗ ಕಟ್ಟುವಾಗ ಬಹಳ ಶಕ್ತಿ ಬೇಕು. ಆ ಹೊತ್ತಿಗೆ ಒಲೆ ಕೆಡುತ್ತದೆ. ಪರಾಗ ಜೊಳ್ಳಾಗುತ್ತದೆ, ಇಲ್ಲವೇ ಕಟ್ಟುವುದೇ ಇಲ್ಲ. ಇದೇ ಗಂಡುಬಂಜೆ ಗಿಡ. ಇಂಥ ಗಿಡಕ್ಕೆ ಪಕ್ಕದ ಸಾಲಿನಿಂದ ಬೇರೆ ತಳಿಯ ಪರಾಗ ಬಿದ್ದರೆ ಕಟ್ಟುವ ಕಾಳೆಲ್ಲವೂ ಮಿಶ್ರತಳಿಯ ಕಾಳು.

ಜೋಳದಲ್ಲಿ ಈ ಗುಣವನ್ನು 1954ರಲ್ಲಿ ಅಮೇರಿಕಾ ದೇಶದ ಟೆಕ್ಸಾಸಿನಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬ ವಿಜ್ಞಾನಿಗಳು ಪ್ರಕಟಪಡಿಸಿದರು. ಹತ್ತೇ ವರ್ಷದಲ್ಲಿ, 1964ರಲ್ಲಿ, ನಮ್ಮ ದೇಶದ ಮೊದಲ ಮಿಶ್ರತಳಿ ಜೋಳ ಸಿ.ಎಸ್.ಎಚ್. 1 ಬಿಡುಗಡೆಯಾಯಿತು. ಸೂರ್ಯಕಾಂತಿಯಲ್ಲಿ ಗಂಡುಬಂಜೆ ಗುಣವನ್ನು 1969ರಲ್ಲಿ ಫ್ರಾನ್ಸಿನ ಲೆಕ್ಲರ್ಕ್ ಕಂಡರು. ಅದು ಒಂದು ಕಾಡು ಸೂರ್ಯಕಾಂತಿಯ ಕಡೆಯಿಂದ ಬಂದದ್ದು. ಅದನ್ನು ಬಳಸಿ 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಬಿ.ಎಸ್.ಎಚ್. 1 ಎಂಬ ಮಿಶ್ರತಳಿಯನ್ನು ಕೊಟ್ಟರು. ಬತ್ತದ ದೋಷವುಳ್ಳ ಒಲೆ 1970ರಲ್ಲಿ ಚೀನಾದ ಹೈನಾನ್ ದ್ವೀಪದ ಒಂದು ಕಾಡುಬತ್ತದಲ್ಲಿ ದೊರೆಯಿತು. ಅದೇ ಮೂಲದ ತಾಯಿತಳಿಯಿಂದ ಮಂಡ್ಯದಲ್ಲಿ 1996ರಲ್ಲಿ ಕೆ.ಆರ್.ಎಚ್. 2 ತಯಾರಾಯಿತು.

ಮೂರು ತಳಿಗಳ ಲೆಕ್ಕ

ಬೀಜೋತ್ಪಾದನೆ ಮಾಡುವ ರೈತರು ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳತಕ್ಕದ್ದು.

1. ಎ ತಳಿ: ಇದು ತಾಯಿ. ಒಲೆಯಲ್ಲಿ ದೋಷವಿದೆ, ಪರಾಗವಿಲ್ಲ.

2. ಬಿ ತಳಿ: ಇದು ಎ ತಳಿಯ ಅವಳಿಯಿದ್ದಂತೆ. ದಸ್ತಾವೇಜು ಒಂದೇ, ಆದರೆ ಒಲೆ ಸರಿಯಾಗಿದೆ. ಎ ತಳಿಯ ಬೀಜ ಹೆಚ್ಚಿಸಲು ಬಿ ತಳಿಯ ಪರಾಗ ಬೇಕು. ಒಲೆ ತಾಯಿಯಿಂದಲೇ ಬರುವುದರಿಂದ ಹುಟ್ಟಿದ್ದೆಲ್ಲ ಪುನಃ ಎ ತಳಿಯೇ ಆಗುತ್ತದೆ.

3. ಆರ್ ತಳಿ: ಇದು ತಂದೆ. ಇದರ ದಸ್ತಾವೇಜಿನಲ್ಲಿ ಒಲೆಯ ದೋಷವನ್ನು ಅಡಗಿಸುವ ಒಂದು ವಂಶಗುಣವಿದೆ. ಎ ತಳಿಗೆ ಆರ್ ತಳಿಯ ಪರಾಗ ಬಿದ್ದು ಹುಟ್ಟಿದ ಗಿಡದಲ್ಲಿ ದೋಷದ ಒಲೆಯಿದ್ದರೂ ಪರಾಗ ಚೆನ್ನಾಗಿ ಕಟ್ಟುತ್ತದೆ. ಅದೇ ನಿಮಗೆ ಚೀಲದಲ್ಲಿ ಬರುವ ಬೀಜ.

ಹೀಗೆ ತಾಯಿಯಿಂದ ಬಂದ ಕೊರತೆಯನ್ನು ತಂದೆಯಿಂದ ಬಂದ ಗುಣ ತುಂಬಿಕೊಡುತ್ತದೆ. ಬೀಜದ ಪ್ಲಾಟಿನಲ್ಲಿ ಎ ತಳಿಯ ಸಾಲಿನೊಳಗೆ ಪರಾಗ ಉದುರಿಸುವ ಗಿಡ ಕಂಡರೆ ಅದನ್ನು ಅರಳುವ ದಿನವೇ ಕಿತ್ತು ಹಾಕಬೇಕೆಂದು ಹೇಳುವುದು ಈ ಕಾರಣದಿಂದ. ಬತ್ತದಲ್ಲಿ ಹೂ ಅರಳುವ ಹೊತ್ತಿಗೆ ಹಗ್ಗ ಎಳೆಯುವುದು, ಸೂರ್ಯಕಾಂತಿಯಲ್ಲಿ ಜೇನುಪೆಟ್ಟಿಗೆ ಇಡುವುದು, ಇವೆಲ್ಲವೂ ಪರಾಗವಿಲ್ಲದ ತಾಯಿಗೆ ತಂದೆಯ ಪರಾಗವನ್ನು ಮುಟ್ಟಿಸುವ ಉಪಾಯಗಳೇ.

ಮಿಶ್ರತಳಿಯ ಕಾಳನ್ನು ಮರುವರ್ಷಕ್ಕೆ ಬೀಜವಾಗಿ ಎತ್ತಿಡಬಾರದೇಕೆ? ಎರಡನೆಯ ಪೀಳಿಗೆಯಲ್ಲಿ ದೋಷದ ಒಲೆ ಎಲ್ಲ ಗಿಡಗಳಿಗೂ ಬರುತ್ತದೆ. ದೋಷವನ್ನು ಅಡಗಿಸುವ ಗುಣ ಮಾತ್ರ ಎಲ್ಲಕ್ಕೂ ಬರುವುದಿಲ್ಲ. ಸೂರ್ಯಕಾಂತಿಯಲ್ಲಿ ಸುಮಾರು ನಾಲ್ಕರಲ್ಲೊಂದು ಗಿಡ ಪುನಃ ಗಂಡುಬಂಜೆಯಾಗಬಹುದು. ಉಳಿದವು ಎತ್ತರ ತಗ್ಗಾಗಿ, ಹಿಂದುಮುಂದಾಗಿ ಬರುತ್ತವೆ, ಸಂಕರಶಕ್ತಿಯೂ ಕುಗ್ಗುತ್ತದೆ. ಅಂಗಡಿಯ ಬೀಜ ಮೋಸವೆಂದು ಜಗಳವಾಡುವ ಮೊದಲು ಇದು ಎಷ್ಟನೆಯ ಪೀಳಿಗೆಯೆಂದು ಕೇಳಿಕೊಳ್ಳಬೇಕು. ನಮ್ಮ ಎರೆಭೂಮಿಯ ಹಿಂಗಾರಿ ಜೋಳ ಎಂ. 35-1, ಅಂದರೆ ಮಾಲದಂಡಿ, ಮಿಶ್ರತಳಿಯಲ್ಲ. ಅದರ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಒಂದೇ ಒಲೆಯನ್ನು ನಂಬಿದರೆ

1970ರಲ್ಲಿ ಅಮೇರಿಕಾ ದೇಶದಲ್ಲಿ ಒಂದು ದೊಡ್ಡ ನಷ್ಟವಾಯಿತು. ಅಲ್ಲಿಯ ಮುಸುಕಿನ ಜೋಳದ ಮಿಶ್ರತಳಿಗಳಲ್ಲಿ ಬಹುಪಾಲಿಗೆ ಟೆಕ್ಸಾಸ್ ಒಲೆ ಎಂಬ ಒಂದೇ ತಾಯಿಮೂಲವಿತ್ತು. ಪರಾಗವನ್ನು ಕೆಡಿಸುತ್ತಿದ್ದ ಅದೇ ತಪ್ಪು ವಂಶಗುಣ ಎಲೆಯಂಗಮಾರಿ ರೋಗದ ಒಂದು ಶಿಲೀಂಧ್ರದ ವಿಷಕ್ಕೆ ಬಾಗಿಲು ತೆರೆದುಕೊಟ್ಟಿತು. ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯ ಸುಮಾರು ನೂರಕ್ಕೆ ಹದಿನೈದು ಪಾಲು ಹಾಳಾಯಿತು. ಒಲೆಯ ದೋಷ ಪರಾಗಕ್ಕೆ ಮಾತ್ರ ಸೀಮಿತವೆಂದು ತಿಳಿದದ್ದು ತಪ್ಪಾಯಿತು. ಈ ಮಾತನ್ನು ನೆನಪಿನಲ್ಲಿಡಿ; ಮನುಷ್ಯನ ವಿಷಯದಲ್ಲಿಯೂ ಬರುತ್ತದೆ.

ಮನುಷ್ಯನಲ್ಲಿ

ಗಂಡಿನ ವೀರ್ಯಾಣುವಿಗೆ ತಲೆ, ಕುತ್ತಿಗೆ, ಬಾಲ ಎಂಬ ಭಾಗಗಳಿವೆ. ಕುತ್ತಿಗೆಯ ಕೆಳಗೆ ಹಗ್ಗ ಸುತ್ತಿದಂತೆ ಮೈಟೋಕಾಂಡ್ರಿಯಗಳು ಸುತ್ತಿಕೊಂಡಿವೆ. ಬಾಲ ಬೀಸಿ ಅಂಡದವರೆಗೆ ಈಜಲು ಬೇಕಾದ ಶಕ್ತಿಯಲ್ಲಿ ಒಂದು ಪಾಲು ಇವುಗಳಿಂದ ಬರುತ್ತದೆ. ಒಲೆ ಮಂದವಾದರೆ ವೀರ್ಯಾಣು ಹುಟ್ಟಿದರೂ ಚುರುಕಾಗಿ ಸಾಗುವುದಿಲ್ಲ. 2003ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ವೀರ್ಯಾಣುಗಳ ಚಲನೆ ಕುಗ್ಗಿದ ಗಂಡಸಿನಲ್ಲಿ ಒಲೆಯ ಚೀಟಿಯ ಅಕ್ಷರಗಳೇ ಬದಲಾಗಿದ್ದುದನ್ನು ತೋರಿಸಿಕೊಟ್ಟರು.

ಆದರೆ ಎಲ್ಲ ಗಂಡುಬಂಜೆತನಕ್ಕೂ ಇದೇ ಕಾರಣವೆಂದು ತಿಳಿಯಬಾರದು. ಇದು ಅಪರೂಪದ ಕಾರಣ. ವೃಷಣದ ರಕ್ತನಾಳಗಳು ಉಬ್ಬುವುದು, ಪ್ರಾಯದಲ್ಲಿ ಬಂದ ಮಂಗನಬಾವು, ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ, ಹೆಂಡ, ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಸೂಜಿಮದ್ದು, ಇವು ಹೆಚ್ಚಾಗಿ ಕಾಣುವ ಕಾರಣಗಳು. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಹೀಗಿರುವಾಗ ಹೆಂಡತಿಯನ್ನು ಮಾತ್ರ ಪರೀಕ್ಷಿಸುವುದು ಅರ್ಧ ಹೊಲ ನೋಡಿ ಪಹಣಿ ಬರೆದಂತೆ.

ಗಂಡಿಗೆ ಮಾತ್ರ ಕೆಡಕಾಗುವ ಇಂಥ ದೋಷವನ್ನು ವಿಜ್ಞಾನಿಗಳು ತಾಯಿಯ ಶಾಪ ಎಂಬ ಹೆಸರಿನಿಂದ ಕರೆದಿದ್ದಾರೆ. ಒಲೆ ತಾಯಿಂದಿರ ಸಾಲಿನಲ್ಲಿ ಮಾತ್ರ ಸಾಗುವುದರಿಂದ ಹೆಣ್ಣಿಗೆ ತೊಂದರೆ ಕೊಡದ ದೋಷವು ಸೋಸಿಹೋಗದೆ ಉಳಿದುಬಿಡುತ್ತದೆ ಎಂಬುದಷ್ಟೇ ಇದರ ಅರ್ಥ. ಹೆಸರು ನಮ್ಮ ಹಳ್ಳಿಗಳಿಗೆ ತಕ್ಕದ್ದಲ್ಲ. ಯಾವ ತಾಯಿಯೂ ಶಾಪ ಕೊಟ್ಟಿಲ್ಲ. ಅಕ್ಷರ ತಪ್ಪಿದ್ದು ಆಕೆಗೆ ತಿಳಿಯುವುದೂ ಇಲ್ಲ. ಸೊಸೆಯ ಮೇಲಿನ ಆಪಾದನೆಯನ್ನು ಇಳಿಸಿ ಅತ್ತೆಯ ತಲೆಗೆ ಏರಿಸಲು ಈ ಪಾಠವನ್ನು ಬರೆದಿಲ್ಲ.

ಮೈಯೆಲ್ಲ ಮುಟ್ಟುವ ಕಾಯಿಲೆ

ಒಲೆಯ ದೋಷ ಹೆಚ್ಚಾದರೆ ಅದು ವೀರ್ಯಾಣುವಿಗೆ ನಿಲ್ಲುವುದಿಲ್ಲ. ಶಕ್ತಿ ಹೆಚ್ಚು ಬೇಡುವ ಮಾಂಸಖಂಡ, ಮಿದುಳು, ಕಣ್ಣು, ಕಿವಿ, ಹೃದಯಗಳಿಗೆ ತಟ್ಟುತ್ತದೆ. ಕೆಳಗಿನ ಗುರುತುಗಳು ಒಂದೇ ಮನೆಯಲ್ಲಿ, ವಿಶೇಷವಾಗಿ ತಾಯಿಯ ಕಡೆಯ ನೆಂಟರಲ್ಲಿ, ಎರಡು ಮೂರು ಕೂಡಿ ಕಂಡರೆ ವೈದ್ಯರಿಗೆ ತಿಳಿಸಬೇಕು:

— ರೆಪ್ಪೆ ಜೋಲುವುದು, ಸ್ವಲ್ಪ ನಡೆದರೂ ಕಾಲು ಸೋಲುವುದು;
— ಚಿಕ್ಕ ವಯಸ್ಸಿನಲ್ಲೇ ಕಿವುಡು, ಅದರೊಡನೆ ಸಕ್ಕರೆ ಕಾಯಿಲೆ;
— ಪ್ರಾಯದ ಹುಡುಗನಿಗೆ ನೋವಿಲ್ಲದೆ ಎರಡೂ ಕಣ್ಣಿನ ದೃಷ್ಟಿ ಕುಂದುವುದು;
— ಮೂರ್ಛೆರೋಗ, ಎಳೆಯ ವಯಸ್ಸಿನಲ್ಲಿ ಲಕ್ವ ಹೊಡೆದಂತಾಗುವುದು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಒಲೆಯ ಕಾಯಿಲೆಗಳೆಲ್ಲ ಒಲೆಯ ಚೀಟಿಯಿಂದಲೇ ಬರುವುದಿಲ್ಲ. ಒಲೆ ಕಟ್ಟುವ ಸಾಮಾನಿನ ಹೆಚ್ಚಿನ ಪಾಲು ಕೋಶಕೇಂದ್ರದ ದಸ್ತಾವೇಜಿನಲ್ಲಿದೆ. ಅಲ್ಲಿ ತಪ್ಪಿದ್ದರೆ ತಂದೆಯಿಂದಲೂ ಬರುತ್ತದೆ. ಅದರಲ್ಲಿ ಹಲವು ಕಾಯಿಲೆಗಳು ತಂದೆ ತಾಯಿ ಇಬ್ಬರಲ್ಲಿಯೂ ಅದೇ ತಪ್ಪು ಅಡಗಿದ್ದರೆ ಮಾತ್ರ ಮಗುವಿನಲ್ಲಿ ಹೊರಬೀಳುತ್ತವೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ನಮ್ಮಲ್ಲಿದೆ. ಒಂದೇ ಮನೆತನದ ಅಡಗಿದ ತಪ್ಪು ಎರಡೂ ಕಡೆಯಿಂದ ಕೂಡಲು ಇದು ಹೆಚ್ಚಿನ ಅವಕಾಶ ಕೊಡುತ್ತದೆ. ಮನೆಯಲ್ಲಿ ಇಂಥ ಕಾಯಿಲೆಯ ಮಗು ಹುಟ್ಟಿದ್ದರೆ ಒಳಸಂಬಂಧ ಬೆಳೆಸುವ ಮೊದಲು ವೈದ್ಯರ ಸಲಹೆ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ನರ ಮತ್ತು ಮಾಂಸಖಂಡಗಳ ಇಂಥ ಕಾಯಿಲೆಗಳನ್ನು ನೋಡುವ ತಜ್ಞರಿದ್ದಾರೆ.

ಔಷಧಿ ಹೊಡೆಯುವವರಿಗೆ ಎಚ್ಚರಿಕೆ

ಮೆಣಸಿನಕಾಯಿ, ಹತ್ತಿಗೆ ನುಸಿ ಮತ್ತು ಬಿಳಿನೊಣಕ್ಕೆ ಹೊಡೆಯುವ ಕೆಲವು ಔಷಧಿಗಳು ಕೀಟದ ಮೈಟೋಕಾಂಡ್ರಿಯವನ್ನೇ ಆರಿಸಿ ಕೊಲ್ಲುತ್ತವೆ. ಫೆನಜಾಕ್ವಿನ್, ಫೆನ್‌ಪೈರಾಕ್ಸಿಮೇಟ್, ಡಯಾಫೆಂಥಿಯುರಾನ್ ಈ ಗುಂಪಿನವು. ಒಲೆ ಕೀಟಕ್ಕೂ ನಮಗೂ ಇದೆ. ಅಳತೆಯಂತೆ, ಮೈ ಮುಚ್ಚಿ ಹೊಡೆದವನಿಗೆ ಮಕ್ಕಳಾಗುವುದಿಲ್ಲವೆಂದು ಇದರ ಅರ್ಥವಲ್ಲ. ಆದರೆ ಬರಿಗೈಯಲ್ಲಿ ಕಲಸುವುದು, ಗಾಳಿಗೆದುರಾಗಿ ಹೊಡೆಯುವುದು ಬುದ್ಧಿವಂತಿಕೆಯಲ್ಲ. ಬೇರೊಂದು ಔಷಧಿಯ ಕಥೆ ಇದಕ್ಕೆ ಸಾಕ್ಷಿ. ಬೇರಿನ ಜಂತುಹುಳುವಿಗೆ ಬಳಸುತ್ತಿದ್ದ ಡಿ.ಬಿ.ಸಿ.ಪಿ. ಎಂಬ ಔಷಧಿಯನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕೆಲಸಗಾರರು 1977ರಲ್ಲಿ, ತಮ್ಮಲ್ಲಿ ಹಲವರಿಗೆ ಮಕ್ಕಳೇ ಆಗುತ್ತಿಲ್ಲವೆಂದು ತಾವೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿಕೊಂಡರು. ವೀರ್ಯಾಣುಗಳು ಕುಗ್ಗಿದ್ದು ನಿಜವಾಯಿತು, ಔಷಧಿಯನ್ನು ನಿಷೇಧಿಸಲಾಯಿತು. ನಾಚಿಕೆ ಬಿಟ್ಟು ಮಾತಾಡಿದ ಗಂಡಸರಿಂದ ಅನೇಕರಿಗೆ ಉಪಕಾರವಾಯಿತು.

ಮಾಡಬೇಕಾದ ಕೆಲಸ

1. ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ದಂಪತಿಗಳಿಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಬೇಕು. ಹೆಂಡತಿಗೆ 35 ವರ್ಷ ದಾಟಿದ್ದರೆ ಆರು ತಿಂಗಳು ಕಾದರೆ ಸಾಕು.

2. ಗಂಡನ ವೀರ್ಯಪರೀಕ್ಷೆ ಮೊದಲೇ ಆಗಲಿ. ಇದು ಕಾಳಿನ ಮೊಳಕೆ ಪರೀಕ್ಷೆಯಿದ್ದಂತೆ: ನೋವಿಲ್ಲ, ಕೊಯ್ಯುವುದಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು, ಇದು ಕೆಳಗಿನ ಅಳತೆ. ಇದಕ್ಕಿಂತ ಕಡಿಮೆಯಾದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲವೆಂದಲ್ಲ.

3. ಒಂದು ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಒಂದು ಅಲ್ಪಾವಧಿ ಬೆಳೆಯ ಕಾಲ. ಇಂದು ಗುಟ್ಕಾ ಬಿಟ್ಟರೆ ಫಲ ಮೂರು ತಿಂಗಳ ಮೇಲೆ ಕಾಣುತ್ತದೆ.

4. ಶಕ್ತಿಮದ್ದು ಮಾರುವವರನ್ನು ನಂಬಿ ಸಾಲ ಮಾಡಬೇಡಿ. ಕೆಟ್ಟ ಒಲೆಯನ್ನು ಸರಿಪಡಿಸುವುದೆಂದು ಸಿದ್ಧವಾದ ಗುಳಿಗೆ ಇಂದಿಗೂ ಇಲ್ಲ.

5. ವೀರ್ಯಾಣುಗಳು ಈಜಲಾರದಿದ್ದರೂ ದಾರಿ ಮುಚ್ಚಿಲ್ಲ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ವಿಧಾನದಿಂದ 1992ರಿಂದ ಮಕ್ಕಳು ಹುಟ್ಟುತ್ತಿದ್ದಾರೆ. ಖರ್ಚು ಹೆಚ್ಚು, ಪ್ರತಿಸಲವೂ ಫಲಿಸುವುದಿಲ್ಲ. ಆದರೆ ಗಂಡನ ಒಲೆಯ ಚೀಟಿಯ ದೋಷ ಮಗುವಿಗೆ ಬರುವ ಭಯ ಬೇಡ. ಮಗುವಿನ ಒಲೆ ತಾಯಿಯದು. ದೋಷ ದಸ್ತಾವೇಜಿನಲ್ಲಿದ್ದರೆ ಮಾತ್ರ ಮೊದಲು ತಜ್ಞರ ಸಲಹೆ ಬೇಕು.

6. ಮೊದಲ ವಿಚಾರಣೆಗೆ ಊರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಬೀಜದ ಸಂಶಯಗಳಿಗೆ ರೈತ ಸಂಪರ್ಕ ಕೇಂದ್ರ, ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳಿವೆ.

ಕಡೆಯ ಮಾತು

ಗಂಡುಬಂಜೆ ಸೂರ್ಯಕಾಂತಿಯನ್ನು ಯಾವ ರೈತನೂ ಬಯ್ದು ಕಿತ್ತೆಸೆಯಲಿಲ್ಲ. ಅದರ ಕೊರತೆ ಎಲ್ಲಿದೆಯೆಂದು ಕಂಡುಕೊಂಡವರು ಅದರಿಂದಲೇ ಎಣ್ಣೆಯ ಗಾಣ ತುಂಬಿಸಿದರು. ಪರಾಗವಿಲ್ಲದ್ದು ಗಿಡದ ಅಪರಾಧವಲ್ಲ. ಹಾಗೆಯೇ ವೀರ್ಯಾಣು ಸೋತದ್ದು ಗಂಡಸುತನದ ಸೋಲಲ್ಲ. ಕೆಲಸ ಮಾಡುವ ತೋಳು, ಸಂಸಾರ ನಡೆಸುವ ಮನಸ್ಸು ಬೇರೆ, ಕಣ್ಣಿಗೆ ಕಾಣದ ಒಲೆ ಬೇರೆ. ಈ ಮಾತನ್ನು ಗಂಡಸು ಒಪ್ಪಿಕೊಂಡು ತಾನೇ ಮೊದಲು ಪರೀಕ್ಷೆಗೆ ನಡೆದರೆ, ಅಪರಾಧ ಮಾಡದೆ ತಲೆ ತಗ್ಗಿಸಿ ನಿಂತ ಒಬ್ಬ ಹೆಣ್ಣುಮಗಳು ಆ ದಿನವೇ ತಲೆ ಎತ್ತುತ್ತಾಳೆ. ಮಗು ಹುಟ್ಟಲಿ ಬಿಡಲಿ, ಆ ಮನೆಗೆ ಅಷ್ಟು ಲಾಭ ನಿಶ್ಚಯ.

ಯುವಕ ಮಂಡಲ, ಮಹಿಳಾ ಮಂಡಲಗಳ ಚರ್ಚೆಗೆ

1. ಮಿಶ್ರತಳಿಯ ಬೀಜವನ್ನು ಮರುವರ್ಷ ಬಿತ್ತಿದವರು ನಮ್ಮೂರಲ್ಲಿ ಯಾರು? ಬೆಳೆ ಹೇಗೆ ಬಂತು?
2. ಒಲೆ ತಾಯಿಯಿಂದ ಬರುವುದು, ಅದರ ದೋಷ ಅಡಗಿಸುವ ಗುಣ ತಂದೆಯಿಂದ ಬರುವುದು: ಇದನ್ನು ಒಂದು ಚಿತ್ರ ಬರೆದು ತೋರಿಸಿರಿ.
3. ಮಕ್ಕಳಿಲ್ಲದ ಹೆಣ್ಣುಮಗಳನ್ನು ಸೀಮಂತ, ನಾಮಕರಣಗಳಿಗೆ ಕರೆಯದಿರುವ ರೂಢಿ ನಮ್ಮಲ್ಲಿ ಇದೆಯೇ? ಅದನ್ನು ಮೊದಲು ಮುರಿಯುವ ಮನೆ ಯಾವುದು?